ಬೆಕ್ಕಿಗೆ ಮಾತ್ರೆ ಕೇಳಿಕೊಂಡು ಬರುವವರಿಗೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಬೆಂಗಳೂರಿನವರೊಬ್ಬರು ತಮ್ಮ ಬೆಕ್ಕಿನ ಬಗ್ಗೆ ಬರೆದಿದ್ದರು. ನಾಲ್ಕು ವರ್ಷ ಸಾಕಿದ ಗಂಡು ಬೆಕ್ಕು ಇದ್ದಕ್ಕಿದ್ದಂತೆ ಹಾಸಿಗೆಯ ಮೇಲೆ, ಬಚ್ಚಲಿನ ಮೂಲೆಯಲ್ಲಿ, ಮಡಚಿಟ್ಟ ಬಟ್ಟೆಗಳ ಮೇಲೆ ಮೂತ್ರ ಮಾಡತೊಡಗಿತಂತೆ. ಬೈದರೂ ಹೊಡೆದರೂ ಬಿಡಲಿಲ್ಲವಂತೆ. ಮನೆಗೆ ಮಗು ಬಂದಿದ್ದಕ್ಕೆ ಹೊಟ್ಟೆಕಿಚ್ಚುಪಟ್ಟು ಸೇಡು ತೀರಿಸಿಕೊಳ್ಳುತ್ತಿದೆ ಎಂದು ತೀರ್ಮಾನಿಸಿ, ಮೂರು ತಿಂಗಳು ಸಹಿಸಿ, ಒಂದು ಭಾನುವಾರ ಗೋಣಿಚೀಲದಲ್ಲಿ ಹಾಕಿಕೊಂಡು ಹೋಗಿ ಊರಾಚೆಯ ಕೆರೆ ಏರಿಯ ಮೇಲೆ ಬಿಟ್ಟು ಬಂದರಂತೆ. ಆ ಪತ್ರ ಓದಿದಂದಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಹಸುಗೂಸಿರುವ ಮನೆಯಲ್ಲಿ ದಿನವೂ ಹಾಸಿಗೆ ಒಗೆಯುವ ಕಷ್ಟ ಏನೆಂದು ನನಗೆ ಗೊತ್ತು. ಆದರೆ ಅವರ ಪತ್ರದ ನಡುವೆ ಒಂದು ಮಾತು ಇತ್ತು. ಬೆಕ್ಕು ತನ್ನ ಮರಳಿನ ಟ್ರೇಗೆ ಹತ್ತಾರು ಸಲ ಹೋಗಿ ಸುಮ್ಮನೆ ಕೂತು ಎದ್ದು ಬರುತ್ತಿತ್ತು, ಮನೆಯವರ ಮುಖ ನೋಡಿ ಅರಚುತ್ತಿತ್ತು ಎಂದು. ಅವರು ಅದನ್ನು ನಾಟಕ ಎಂದುಕೊಂಡಿದ್ದಾರೆ. ಅದು ಮೂತ್ರಕೋಶದ ಉರಿಯ ಲಕ್ಷಣ. ಗಂಡು ಬೆಕ್ಕಿನಲ್ಲಿ ಈ ಉರಿ ಯಾವ ದಿನ ಬೇಕಾದರೂ ಮೂತ್ರ ಪೂರ್ತಿ ಕಟ್ಟಿಕೊಳ್ಳುವಲ್ಲಿಗೆ ಮುಟ್ಟಬಹುದು. ಹಾಗೆ ಕಟ್ಟಿಕೊಂಡ ಬೆಕ್ಕಿಗೆ ಚಿಕಿತ್ಸೆ ಸಿಗದಿದ್ದರೆ ಎರಡು ಮೂರು ದಿನಗಳಲ್ಲಿ ಪ್ರಾಣ ಹೋಗುತ್ತದೆ.

ನಾನು ಪಶುವೈದ್ಯನಲ್ಲ. ಹನುಮಂತನಗರದಲ್ಲಿ 26 ವರ್ಷಗಳಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ಈ ನಗರದ ಬೆಕ್ಕುಗಳ ಕಾಯಿಲೆ ಪಶುವೈದ್ಯರಿಗಿಂತ ಮೊದಲು ಬರುವುದು ನಮ್ಮಂಥವರ ಕೌಂಟರಿಗೆ. ನಾಯಿಗೆ ಹುಷಾರಿಲ್ಲದಿದ್ದರೆ ಜನ ನಾಯಿಯನ್ನೇ ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ಬೆಕ್ಕಿಗೆ ಹುಷಾರಿಲ್ಲದಿದ್ದರೆ ಸಂಜೆ ಹಾಲು ತರಲು ಹೊರಟವರು ದಾರಿಯಲ್ಲಿ ನಮ್ಮ ಅಂಗಡಿಗೆ ಬಂದು, ಏನಾದರೂ ಒಂದು ಮಾತ್ರೆ ಕೊಡಿ ಎನ್ನುತ್ತಾರೆ. ನಾವೂ ಕೊಡುತ್ತೇವೆ. ನಾನೂ ಕೊಟ್ಟಿದ್ದೇನೆ. ಅದನ್ನು ಮೊದಲು ಹೇಳಿಬಿಡಬೇಕು.

2009ರ ಮಾತು. ನಮ್ಮ ಅಂಗಡಿಯ ಎದುರಿನ ಮರದಡಿ ಕೂತು ಹೂ ಕಟ್ಟುವ ಅಮ್ಮನೊಬ್ಬರಿದ್ದರು. ಅವರ ಬುಟ್ಟಿಯ ಪಕ್ಕದಲ್ಲೇ ಮಲ್ಲಿ ಎಂಬ ಮೂರು ಬಣ್ಣದ ಒಂದು ಹೆಣ್ಣು ಬೆಕ್ಕು ಇಡೀ ದಿನ ಮಲಗಿರುತ್ತಿತ್ತು. ಒಂದು ಬೆಳಗ್ಗೆ ಬಂದು, 'ಅಣ್ಣಾ, ಮಲ್ಲಿಯ ಕಿವಿಯೆಲ್ಲ ಬಿಸಿಯಾಗಿದೆ, ನಿನ್ನೆಯಿಂದ ಸರಿಯಾಗಿ ತಿಂದಿಲ್ಲ, ಜ್ವರದ ಮಾತ್ರೆ ಕೊಡಿ' ಎಂದರು. ನಾನು 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆ ತೆಗೆದು, ಅರ್ಧ ಮುರಿದು ಪುಡಿ ಮಾಡಿ ಹಾಲಿನಲ್ಲಿ ಕಲಸಿ ಕುಡಿಸಲು ಹೇಳಿದೆ. ಎಳೆ ಮಕ್ಕಳಿಗೇ ಕೊಡುವ ಔಷಧಿ, ಬೆಕ್ಕಿಗೇನಾದೀತು ಎಂಬುದು ನನ್ನ ಎಣಿಕೆ. ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಒಳ್ಳೆಯದು ಮಾಡಿದೆ ಎಂದೇ ಭಾವಿಸಿದ್ದೆ.

ದೀಪ ಹಚ್ಚುವ ಹೊತ್ತಿಗೆ ಅವರು ಬೆಕ್ಕನ್ನು ಹೂವಿನ ಬುಟ್ಟಿಯಲ್ಲಿಟ್ಟುಕೊಂಡು ಬಂದರು. ಬುಟ್ಟಿಯೊಳಗಿನ ಒದ್ದೆ ಬಟ್ಟೆಯ ಮೇಲೆ ಬಿಡಿ ಕನಕಾಂಬರ ಇನ್ನೂ ಅಂಟಿಕೊಂಡಿತ್ತು. ಬೆಕ್ಕಿನ ಮುಖ ಊದಿಕೊಂಡು ಕಣ್ಣು ಸಣ್ಣಗಾಗಿದ್ದವು. ಮುಂಗಾಲಿನ ಪಾದಗಳೂ ಊದಿದ್ದವು. ಬಾಯಿ ತೆರೆದು ಉಸಿರಾಡುತ್ತಿತ್ತು. ತುಟಿ ಸರಿಸಿ ನೋಡಿದರೆ ಒಸಡು ಗುಲಾಬಿ ಬಣ್ಣದ್ದಲ್ಲ, ಕಾಫಿ ಡಿಕಾಕ್ಷನ್ ಬಳಿದಂತೆ ಕಂದಾಗಿತ್ತು. ಆ ರಾತ್ರಿಯೇ ಆಟೋದಲ್ಲಿ ವೈದ್ಯರ ಬಳಿಗೆ ಕರೆದುಕೊಂಡು ಹೋದೆವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮಲ್ಲಿ ಹೋಯಿತು. ಅದರ ಮಾರನೆಯ ದಿನ ಆ ಅಮ್ಮ ಕಾಗದದ ಪೊಟ್ಟಣವೊಂದನ್ನು ಕೌಂಟರಿನ ಮೇಲಿಟ್ಟರು. ಬಿಚ್ಚಿ ನೋಡಿದರೆ ಉಳಿದ ಅರ್ಧ ಮಾತ್ರೆ. 'ನಿಮ್ಮ ಹತ್ತಿರವೇ ಇರಲಿ ಅಣ್ಣಾ, ಮನೆಯಲ್ಲಿದ್ದರೆ ಇನ್ನೊಂದಕ್ಕೆ ಕೊಟ್ಟೇನು' ಎಂದರು. ಒಂದು ಮಾತು ಬೈಯಲಿಲ್ಲ.

ಆ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ವಿವರಿಸಿದ್ದನ್ನು ಅಂದಿನಿಂದ ಕೇಳಿದವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ನಮ್ಮ ಲಿವರ್ ಪ್ಯಾರಾಸಿಟಮಾಲನ್ನು ಗ್ಲುಕುರೋನಿಕ್ ಆಮ್ಲದ ಜೊತೆ ಬೆಸೆದು ನಿರಪಾಯ ಮಾಡಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಹಾಗೆ ಬೆಸೆಯುವ ಕಿಣ್ವ ಬೆಕ್ಕಿನ ಲಿವರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಔಷಧಿ ಮೈಯಲ್ಲೇ ಉಳಿದು ವಿಷವಾಗುತ್ತದೆ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದ ರೂಪಕ್ಕೆ ತಿರುಗುತ್ತದೆ. ಒಸಡು ಕಂದಾಗುವುದು ಅದಕ್ಕೇ. ಮೂರು ನಾಲ್ಕು ಕಿಲೋ ತೂಗುವ ಬೆಕ್ಕನ್ನು ಕೊಲ್ಲಲು ಅರ್ಧ ಮಾತ್ರೆ ಸಾಕು. ಪ್ರಮಾಣ ಕಡಿಮೆ ಮಾಡಿ ಕೊಟ್ಟರೂ ಅಪಾಯವೇ. ಇದಕ್ಕೆ ವೈದ್ಯರು ಪ್ರತಿವಿಷವಾಗಿ ಬಳಸುವುದು ಅಸಿಟೈಲ್‌ಸಿಸ್ಟೀನ್. ಕಫ ಕರಗಿಸಲು ನಾವು ದಿನವೂ ಮಾರುವ ಔಷಧಿ ಅದು. ಆ ದಿನವೂ ನನ್ನ ಅಂಗಡಿಯಲ್ಲಿ, ನಾನು ಕೈಚಾಚಿ ಪ್ಯಾರಾಸಿಟಮಾಲ್ ತೆಗೆದ ಖಾನೆಯಿಂದ ಎರಡು ಖಾನೆ ಕೆಳಗೆ ಇತ್ತು.

ಇನ್ನೂ ಒಂದು ವಿಷಯ ಆಗ ತಿಳಿಯಿತು. ಮಲ್ಲಿಗೆ ಜ್ವರ ಇತ್ತೋ ಇಲ್ಲವೋ ಎಂಬುದೇ ಅನುಮಾನ. ನಮ್ಮ ಮೈಬಿಸಿ 98.6 ಡಿಗ್ರಿ ಫ್ಯಾರನ್‌ಹೀಟ್ ಆದರೆ ಬೆಕ್ಕಿನದು ಆರೋಗ್ಯವಾಗಿರುವಾಗಲೇ ಸುಮಾರು 100.5ರಿಂದ 102.5. ನಮ್ಮ ಕೈಗೆ ಬೆಕ್ಕಿನ ಕಿವಿ, ಹೊಟ್ಟೆ ಯಾವಾಗಲೂ ಬೆಚ್ಚಗೇ ಇರುತ್ತವೆ. ಮುಟ್ಟಿ ನೋಡಿ ಜ್ವರ ಎನ್ನುವವರು ಇಂದಿಗೂ ವಾರಕ್ಕೊಬ್ಬರಾದರೂ ಬರುತ್ತಾರೆ.

ಅದೇ ಲಿವರಿನ ಕಾರಣಕ್ಕೆ ನಮ್ಮ ಮನೆಗಳ ಇನ್ನೂ ಕೆಲವು ವಸ್ತುಗಳು ಬೆಕ್ಕಿಗೆ ಆಗುವುದಿಲ್ಲ. ನೆಲ ಒರೆಸುವ ಫಿನೈಲ್ ಅವುಗಳಲ್ಲಿ ಮೊದಲನೆಯದು. ಒದ್ದೆ ನೆಲದ ಮೇಲೆ ನಡೆದ ಬೆಕ್ಕು ಆಮೇಲೆ ಕೂತು ಪಾದ ನೆಕ್ಕುತ್ತದೆ, ಒಳಗೆ ಹೋಗುವುದು ಹಾಗೆ. ಬಟ್ಟೆಯ ಬೀರುವಿನ ನುಸಿಗುಳಿಗೆ, ನೆಗಡಿಗೆ ಹಚ್ಚುವ ನೀಲಗಿರಿ ಎಣ್ಣೆ ಕೂಡ ಬೆಕ್ಕಿಗೆ ವಿಷ. ಮೈಕೈ ನೋವಿಗೆ ನಾವು ನುಂಗುವ ಐಬುಪ್ರೊಫೇನ್ ಅದರ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತದೆ. ನಾಯಿಯ ಮೈಯ ಉಣ್ಣೆ ಹುಳಕ್ಕೆಂದು ಬೆನ್ನಿನ ಮೇಲೆ ಬಿಡುವ ಹನಿಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವಂಥವನ್ನು ಬೆಕ್ಕಿಗೆ ಹಾಕಿದರೆ ನಡುಕ ಹುಟ್ಟಿ ಫಿಟ್ಸ್ ಬರುತ್ತದೆ. ನಾಯಿಯೂ ಬೆಕ್ಕೂ ಇರುವ ಮನೆಯವರು ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿಯೇ ತೀರಬೇಕು.

ಈಗ ಆ ಪತ್ರದ ಬೆಕ್ಕಿನ ವಿಷಯಕ್ಕೆ ಬರುತ್ತೇನೆ. ಅದರ ಪಾಡು ನನಗೆ ಹೇಗೆ ಗೊತ್ತು ಎಂದರೆ, ನಮ್ಮ ಮನೆಯಲ್ಲೇ ಅದನ್ನು ಕಂಡಿದ್ದೇನೆ.

2016ರಲ್ಲಿ ನಮ್ಮ ಗಂಡು ಬೆಕ್ಕು ಕೆಂಚನಿಗೆ ಮೂರು ವರ್ಷ. ಆ ತಿಂಗಳು ಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದೆವು. ಮಂಚ, ಬೀರು ಎಲ್ಲ ನಡುಮನೆಗೆ ಬಂದಿದ್ದವು, ಕೆಂಚನ ಟ್ರೇ ಮಹಡಿಯ ಮೆಟ್ಟಿಲ ಕೆಳಗೆ ಹೋಗಿತ್ತು. ಒಂದು ಸಂಜೆ ಅವನು ಟ್ರೇಗೆ ಹೋಗಿ ಕುಕ್ಕರಗಾಲಲ್ಲಿ ಕೂತು ತಿಣುಕುತ್ತಿದ್ದ. ಏನೂ ಬರುತ್ತಿರಲಿಲ್ಲ. ಎದ್ದು ಎರಡು ಹೆಜ್ಜೆ ನಡೆದು ಮತ್ತೆ ಕೂರುತ್ತಿದ್ದ. ಹೊಟ್ಟೆಯ ಕೆಳಗೆ ಬಿಡದೆ ನೆಕ್ಕಿಕೊಳ್ಳುತ್ತಿದ್ದ. ಮಲಬದ್ಧತೆ ಇರಬೇಕು, ಒಂದು ಚಮಚ ಹರಳೆಣ್ಣೆ ಕುಡಿಸು ಎಂದರು ನಮ್ಮ ತಾಯಿ. ಎಣ್ಣೆಯ ಬಾಟಲಿ ಕೈಗೆ ತೆಗೆದುಕೊಂಡಿದ್ದೆ. ಮಲ್ಲಿಯ ನೆನಪು ಬಂದು ಕೆಳಗಿಟ್ಟೆ.

ರಾತ್ರಿ ಒಂಬತ್ತೂವರೆ. ಒಂದು ಪಶು ಚಿಕಿತ್ಸಾಲಯದ ಬಾಗಿಲು ಮುಚ್ಚಿತ್ತು. ಇನ್ನೊಂದು ಕಡೆ ನಾಯಿ ಮಾತ್ರ ನೋಡುತ್ತೇವೆ ಎಂದರು. ಮೂರನೆಯ ಕಡೆ ವೈದ್ಯೆಯೊಬ್ಬರು ಮನೆಗೆ ಹೊರಡಲು ಸ್ಕೂಟರ್ ಹತ್ತಿದ್ದವರು ಇಳಿದು ಬಂದರು. ಅವರು ನನ್ನ ಬೆರಳು ಹಿಡಿದು ಕೆಂಚನ ಕಿಬ್ಬೊಟ್ಟೆಯ ಮೇಲೆ ಇರಿಸಿದರು. ಒಳಗೆ ಮೂಸಂಬಿ ಹಣ್ಣಿನಂತೆ ಗಟ್ಟಿಯಾಗಿ ಏನೋ ಸಿಕ್ಕಿತು. ಅದು ತುಂಬಿ ಬಿರಿಯುವಂತಾಗಿದ್ದ ಮೂತ್ರಕೋಶ. ಅರಿವಳಿಕೆ ಕೊಟ್ಟು ಸಣ್ಣ ನಳಿಕೆ ತೂರಿಸಿದಾಗ ಮೊದಲು ಬಂದದ್ದು ಮರಳಿನಂಥ ಕಣ ಕೂಡಿದ ಲೋಳೆ, ಆಮೇಲೆ ದಾಳಿಂಬೆ ರಸದ ಬಣ್ಣದ ಮೂತ್ರ. ಮೂತ್ರ ಹೊರಗೆ ಹೋಗದಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತಾ ಹೋಗಿ ಹೃದಯ ನಿಂತುಬಿಡುತ್ತದೆ, ನಾಳೆ ಬೆಳಗ್ಗೆ ನೋಡೋಣ ಎಂದುಕೊಂಡಿದ್ದರೆ ಇವನನ್ನು ಉಳಿಸಿಕೊಳ್ಳುವುದು ಕಷ್ಟವಿತ್ತು ಎಂದರು. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು, ಸ್ವಲ್ಪ ಗಸಿಯೂ ಅಲ್ಲಿ ಬಿರಡೆಯಾಗುತ್ತದೆ. ಹೆಣ್ಣು ಬೆಕ್ಕಿನ ನಾಳ ಅಗಲ, ಅದಕ್ಕೂ ಉರಿ ಬರುತ್ತದೆ, ಆದರೆ ಹೀಗೆ ಕಟ್ಟಿಕೊಳ್ಳುವುದು ಅಪರೂಪ.

ನಮ್ಮ ಕೆಂಚನಿಗೆ ಹೀಗೇಕಾಯಿತು ಎಂದು ಕೇಳಿದರೆ ಅವರು ತಿರುಗಿ ನನ್ನನ್ನೇ ಪ್ರಶ್ನೆ ಕೇಳಿದರು. ಮನೆಯಲ್ಲಿ ಏನಾದರೂ ಬದಲಾಗಿದೆಯೇ? ಕಿಟಕಿಗೆ ಹೊರಗಿನ ಗಂಡು ಬೆಕ್ಕು ಬರುತ್ತದೆಯೇ? ಕಾಳಿನಂಥ ಒಣ ಸಿದ್ಧ ಆಹಾರ ಮಾತ್ರ ಹಾಕುತ್ತೀರಾ? ಎಷ್ಟು ನೀರು ಕುಡಿಯುತ್ತಾನೆ? ಒಂದೊಂದಕ್ಕೂ ಉತ್ತರ ಹೇಳುತ್ತಾ ಹೋದಂತೆ ನನಗೇ ಅರ್ಥವಾಯಿತು. ಬೆಕ್ಕಿನ ಮೂತ್ರಕೋಶದ ಉರಿಯಲ್ಲಿ ಬಹುಪಾಲಿಗೆ ಸೋಂಕು ಕಾರಣವಲ್ಲ. ಗಾಬರಿ, ಆತಂಕ, ಜಾಗ ಬದಲಾದದ್ದು, ಹೊಸಬರು ಬಂದದ್ದು, ಇವೇ ಅದರ ಮೂತ್ರಕೋಶದ ಒಳಪದರವನ್ನು ಕೆರಳಿಸುತ್ತವೆ. ನಮಗೆ ಚಿಂತೆಯಾದರೆ ಹೊಟ್ಟೆಯಲ್ಲಿ ಹುಳಿ ಏಳುವುದಿಲ್ಲವೇ, ಹಾಗೆ.

ಹಾಸಿಗೆಯೇ ಏಕೆ, ಬಟ್ಟೆಯೇ ಏಕೆ ಎಂಬುದಕ್ಕೂ ಅವರು ಕಾರಣ ಹೇಳಿದರು. ಟ್ರೇಯಲ್ಲಿ ಕೂತಾಗಲೆಲ್ಲ ಉರಿದರೆ ಬೆಕ್ಕು ಆ ಉರಿಯನ್ನು ಟ್ರೇಗೇ ಅಂಟಿಸಿಕೊಳ್ಳುತ್ತದೆ. ಬೇರೆ ಕಡೆ ಹೋದರೆ ಉರಿಯಲಾರದು ಎಂದು ಮೆತ್ತನೆಯ ಜಾಗ ಹುಡುಕುತ್ತದೆ. ಹಾಸಿಗೆ ಸಿಗುತ್ತದೆ. ಅಲ್ಲಿ ಹೊಡೆತ ಬೀಳುತ್ತದೆ. ಆತಂಕ ಹೆಚ್ಚಾಗುತ್ತದೆ, ಉರಿಯೂ ಹೆಚ್ಚಾಗುತ್ತದೆ. ಕಳೆದ ವಾರದ ಪತ್ರದ ಮನೆಯಲ್ಲಿ ಮಗು ಬಂದಾಗ ತೊಟ್ಟಿಲು ಬಂದಿರಬೇಕು, ನೆಂಟರು ಬಂದಿರಬೇಕು, ರಾತ್ರಿಯೆಲ್ಲ ಅಳು ಕೇಳಿರಬೇಕು, ಟ್ರೇ ಎಲ್ಲಿಗೋ ಸರಿದಿರಬೇಕು. ಮಗುವಿರುವ ಮನೆ ಎಂದು ಟ್ರೇಯನ್ನು ದಿನವೂ ಫಿನೈಲ್ ಹಾಕಿ ತೊಳೆದಿರಲೂಬಹುದು. ಆ ವಾಸನೆಗೆ ಎಷ್ಟೋ ಬೆಕ್ಕುಗಳು ಟ್ರೇಯ ಹತ್ತಿರವೂ ಸುಳಿಯುವುದಿಲ್ಲ. ಹೊಟ್ಟೆಕಿಚ್ಚು, ಸೇಡು ಎಂಬ ಲೆಕ್ಕಾಚಾರ ಇಲ್ಲಿ ಎಲ್ಲಿಯೂ ಬರುವುದಿಲ್ಲ.

ಕೆಂಚ ಮೂರು ದಿನ ನಳಿಕೆ ಹಾಕಿಸಿಕೊಂಡು ಅಲ್ಲೇ ಇದ್ದ. ಮನೆಗೆ ಬಂದ ಮೇಲೆ ನಾವು ಮಾಡಿದ್ದು ದೊಡ್ಡದೇನಲ್ಲ. ಒಣ ಕಾಳಿನ ಜೊತೆ ನೀರಿನಂಶ ಇರುವ ಆಹಾರ ಶುರು ಮಾಡಿದೆವು. ನೀರಿನ ಬಟ್ಟಲುಗಳನ್ನು ಊಟದ ತಟ್ಟೆಯಿಂದ ದೂರ, ಮೂರು ಕಡೆ ಇಟ್ಟೆವು. ಟ್ರೇ ಒಂದಿದ್ದದ್ದು ಎರಡಾಯಿತು. ಎಷ್ಟು ಬೆಕ್ಕಿವೆಯೋ ಅದಕ್ಕಿಂತ ಒಂದು ಟ್ರೇ ಹೆಚ್ಚು ಇರಬೇಕು ಎಂಬುದು ವೈದ್ಯರ ಲೆಕ್ಕ. ಅದನ್ನು ವಾಷಿಂಗ್ ಮಷಿನ್ ಪಕ್ಕ ಇಡಬಾರದು, ಅದು ತಿರುಗುವ ಸದ್ದಿಗೆ ಒಮ್ಮೆ ಹೆದರಿದರೆ ಮತ್ತೆ ಅಲ್ಲಿಗೆ ಹೋಗುವುದಿಲ್ಲ. ಕಿಟಕಿಯ ಕೆಳಭಾಗಕ್ಕೆ ಕಾಗದ ಅಂಟಿಸಿ ಹೊರಗಿನ ಗಡವ ಕಾಣದಂತೆ ಮಾಡಿದೆವು. ಅವನು ಇಂದಿಗೂ ನಮ್ಮೊಂದಿಗಿದ್ದಾನೆ. ಇದನ್ನು ಬರೆಯುವಾಗ ಬಿಲ್ ಪುಸ್ತಕದ ಮೇಲೆ ಮಲಗಿದ್ದಾನೆ.

ಇದರಿಂದ ಬೇರೆಯಾದ ಇನ್ನೊಂದು ವರ್ತನೆಯನ್ನೂ ಜನ ಇದರೊಂದಿಗೆ ಬೆರೆಸಿಬಿಡುತ್ತಾರೆ. ಗಂಡು ಬೆಕ್ಕು ನಿಂತುಕೊಂಡೇ ಬಾಲವನ್ನು ನೆಟ್ಟಗೆ ಎತ್ತಿ ತುದಿ ನಡುಗಿಸುತ್ತಾ ಗೋಡೆಗೋ ಬಾಗಿಲಿಗೋ ಸ್ವಲ್ಪ ಚಿಮುಕಿಸಿದರೆ ಅದು ತನ್ನ ಗಡಿ ಗುರುತಿಸುವುದು. ಸಂತಾನಹರಣದ ಆಪರೇಷನ್ ಮಾಡಿಸಿದರೆ ಬಹುಪಾಲು ಬೆಕ್ಕುಗಳಲ್ಲಿ ಅದು ನಿಲ್ಲುತ್ತದೆ. ಕೂತು ತಿಣುಕುವುದು ಕಾಯಿಲೆ. ಎರಡನ್ನೂ ಕಣ್ಣಲ್ಲಿ ನೋಡಿ ಬೇರೆ ಮಾಡಬಹುದು.

ಹೆಣ್ಣು ಬೆಕ್ಕಿನ ವಿಷಯದಲ್ಲಿ ನನ್ನ ಕೌಂಟರಿಗೆ ಬರುವ ಬೇಡಿಕೆ ಇನ್ನೂ ಸಂಕಟದ್ದು. ಐದಾರು ತಿಂಗಳ ಬೆಕ್ಕು ರಾತ್ರಿಯೆಲ್ಲ ಕೂಗುತ್ತಾ ನೆಲದ ಮೇಲೆ ಹೊರಳಾಡುತ್ತದೆ. ಹೊಟ್ಟೆನೋವು ಎಂದುಕೊಂಡು ಔಷಧಿ ಕೇಳುತ್ತಾರೆ. ಅದು ಬೆದೆಗೆ ಬಂದಿದೆ, ನೋವಲ್ಲ. ಗಂಡಿನ ಜೊತೆ ಕೂಡದಿದ್ದರೆ ಬೆದೆಯ ಕಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಮತ್ತೆ ಬೆದೆಗೆ ಬರುತ್ತದೆ. ಕೂಡಿದರೆ ಸುಮಾರು ಒಂಬತ್ತು ವಾರಕ್ಕೆ ಮರಿ. ವಿಷಯ ತಿಳಿದವರು ಕೆಲವರು ಸಂಕೋಚದಿಂದ ದನಿ ತಗ್ಗಿಸಿ ಹೆಂಗಸರ ಗರ್ಭನಿರೋಧಕ ಮಾತ್ರೆ ಕೇಳುತ್ತಾರೆ, ಬೆಕ್ಕಿಗೆ ಕೊಡಲು. ಆ ಹಾರ್ಮೋನು ಬೆಕ್ಕಿನ ಗರ್ಭಕೋಶದಲ್ಲಿ ಕೀವು ತುಂಬಲು, ಮೊಲೆಗಳಲ್ಲಿ ಗಂಟು ಬೆಳೆಯಲು ದಾರಿ ಮಾಡುತ್ತದೆ. ಬೆಕ್ಕಿನ ಮೊಲೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್. ಒಮ್ಮೆ ಮಾಡಿಸುವ ಆಪರೇಷನ್ ಖರ್ಚು ಉಳಿಸಲು ಹೋಗಿ ಹೀಗಾಗುವುದನ್ನು ಕಂಡಾಗ ನನ್ನ ಕರುಳು ಹಿಂಡಿದಂತಾಗುತ್ತದೆ. ನಾಲ್ಕರಿಂದ ಆರು ತಿಂಗಳೊಳಗೆ ಮಾಡಿಸಿಬಿಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಊಟದ ಬಗ್ಗೆ ಒಂದು ಮಾತು ಹೇಳಲೇಬೇಕು, ನಮ್ಮ ಬಡಾವಣೆಯವರಿಗೆ ಬೇಸರವಾದರೂ ಸರಿ. ಹನುಮಂತನಗರ, ಗಾಂಧಿ ಬಜಾರ್, ಚಾಮರಾಜಪೇಟೆಯ ಎಷ್ಟೋ ಮನೆಗಳಲ್ಲಿ ಬೆಕ್ಕಿಗೆ ಹಾಕುವುದು ಮೊಸರನ್ನ. ಮೊದಲಿನ ಬೆಕ್ಕುಗಳು ಮೊಸರನ್ನ ತಿಂದು ಗುಂಡಗಿರಲಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಇದ್ದವು. ಏಕೆಂದರೆ ಅವು ಮೊಸರನ್ನ ತಿಂದು ಅಟ್ಟದ ಇಲಿ, ಹಿತ್ತಿಲ ಹಲ್ಲಿ, ಗುಬ್ಬಿ ಹಿಡಿದು ತಿನ್ನುತ್ತಿದ್ದವು. ಇಂದು ಮೂರನೆಯ ಮಹಡಿಯ ಮನೆಯಲ್ಲಿ ಜಾಲರಿ ಹಾಕಿದ ಬಾಲ್ಕನಿಯೊಳಗಿರುವ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು? ಟಾರಿನ್ ಎಂಬ ಅಂಶವನ್ನು ಬೆಕ್ಕಿನ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸದಿಂದಲೇ ಬರಬೇಕು. ಅದು ಕಡಿಮೆಯಾದರೆ ಕಣ್ಣಿನ ಒಳಪರದೆ ಹಾಳಾಗುತ್ತದೆ, ಹೃದಯ ಹಿಗ್ಗಿ ದುರ್ಬಲವಾಗುತ್ತದೆ. ಹೃದಯದ ವಿಷಯವನ್ನು ಕ್ಯಾಲಿಫೋರ್ನಿಯಾದ ಪಶುವೈದ್ಯ ವಿಜ್ಞಾನಿಗಳು 1987ರಲ್ಲಿ ತೋರಿಸಿಕೊಟ್ಟರು. ಅದಾದ ಮೇಲೆ ಬೆಕ್ಕಿನ ಸಿದ್ಧ ಆಹಾರಗಳಲ್ಲಿ ಟಾರಿನ್ ಪ್ರಮಾಣ ಹೆಚ್ಚಿಸಲಾಯಿತು. ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ ಎನ್ನುವವರ ಆಚಾರಕ್ಕೆ ನನ್ನ ಗೌರವವಿದೆ, ನಮ್ಮದೂ ಅಂಥದ್ದೇ ಮನೆ. ಆದರೆ ಬೆಕ್ಕಿನ ತಟ್ಟೆಗೆ ಸಿದ್ಧ ಆಹಾರದ ಪೊಟ್ಟಣ ಬಿಚ್ಚಿ ಹಾಕುತ್ತೇವೆ. ಹಾಲಿನ ವಿಷಯಕ್ಕೆ ಬಂದರೆ, ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿದ ಕಥೆ ನಮಗೆಲ್ಲ ಗೊತ್ತು. ಬಾಯಿ ಸುಡದಿದ್ದರೂ ಬೆಳೆದ ಬೆಕ್ಕುಗಳಲ್ಲಿ ಎಷ್ಟಕ್ಕೋ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ.

ಬೆಕ್ಕು ಊಟ ಬಿಟ್ಟರೆ ಹಟ ಎನ್ನುತ್ತೇವೆ. ಹಸಿವಾದರೆ ತಾನೇ ತಿನ್ನುತ್ತದೆ ಎಂದು ಬಿಡುವುದು ಬಹಳ ಅಪಾಯ. ಎರಡು ಮೂರು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪಗಿರುವ ಬೆಕ್ಕಾದರೆ, ಮೈಯ ಕೊಬ್ಬು ಲಿವರಿಗೆ ಬಂದು ತುಂಬಿಕೊಂಡು ಕಾಮಾಲೆಯಾಗುತ್ತದೆ. ಒಂದು ದಿನ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಬೇಕು.

ನಮ್ಮ ಬೀದಿಯ ಹಿರಿಯರೊಬ್ಬರ ಹನ್ನೆರಡು ವರ್ಷದ ಬೆಕ್ಕು ಮೊಮ್ಮಗನ ಕೈ ಕಚ್ಚಿತು. ಗದ್ದ ಸವರಿದರೆ ಪ್ರೀತಿಯಿಂದ ಕಣ್ಣು ಮುಚ್ಚುತ್ತಿದ್ದ ಬೆಕ್ಕು, ಗದ್ದ ಮುಟ್ಟಿದ್ದಕ್ಕೇ ಕಚ್ಚಿತು. ವಯಸ್ಸಾಗಿ ಕೊಬ್ಬು ಬಂದಿದೆ ಎಂದರು. ನಾನು ಒತ್ತಾಯ ಮಾಡಿ ಕಳುಹಿಸಿದೆ. ಕೆಳದವಡೆಯ ಹಲ್ಲೊಂದು ಬೇರಿನವರೆಗೆ ಹಾಳಾಗಿತ್ತು. ಹಲ್ಲು ಕಿತ್ತ ಹತ್ತು ದಿನಕ್ಕೆ ಅದು ಮತ್ತೆ ಆ ಹುಡುಗನ ಮಡಿಲಲ್ಲಿ ಮಲಗಿತ್ತು. ಮುದಿ ಬೆಕ್ಕು ಮೇಜಿನ ಮೇಲೆ ಹಾರುವುದನ್ನು ಬಿಟ್ಟರೆ ಕೀಲುನೋವು ಇರಬಹುದು. ಹೆಚ್ಚು ಹೆಚ್ಚು ನೀರು ಕುಡಿದು ಸೊರಗುತ್ತಿದ್ದರೆ ಕಿಡ್ನಿಯನ್ನೋ ಸಕ್ಕರೆಯನ್ನೋ ಪರೀಕ್ಷಿಸಬೇಕು. ನೋವಾದ ನಾಯಿ ಕುಂಯ್‌ಗುಟ್ಟುತ್ತಾ ನಮ್ಮ ಬಳಿ ಬರುತ್ತದೆ, ಬೆಕ್ಕು ಮಂಚದ ಕೆಳಗೆ ಹೋಗಿ ಸುಮ್ಮನಾಗುತ್ತದೆ. ಅದು ಚಿಕ್ಕ ಪ್ರಾಣಿ, ತನ್ನ ನೋವು ಕಂಡರೆ ಯಾರಾದರೂ ಮೇಲೆ ಬಿದ್ದಾರು ಎಂಬ ಭಯ ಅದರ ಹುಟ್ಟಿನಲ್ಲೇ ಇದೆ. ಹಾಗಾಗಿ ವರ್ತನೆ ಬದಲಾದದ್ದೊಂದೇ ನಮಗೆ ಸಿಗುವ ಸುಳಿವು.

ಕಚ್ಚಿದ ವಿಷಯ ಬಂದದ್ದರಿಂದ ಇದನ್ನು ಬಿಡುವಂತಿಲ್ಲ. ಬೆಕ್ಕು ಕಚ್ಚಿದರೆ, ಪರಚಿದರೆ ಜನ ನಮ್ಮಲ್ಲಿಗೆ ಬಂದು ಮುಲಾಮು ಕೇಳುತ್ತಾರೆ. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆ ಎಂಬ ನಂಬಿಕೆ ಇನ್ನೂ ಬಲವಾಗಿದೆ. ಬೆಕ್ಕಿನಿಂದಲೂ ಬರುತ್ತದೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ವೈದ್ಯರ ಬಳಿ ಹೋಗಿ, ಲಸಿಕೆ ಬೇಕೇ ಎಂದು ಅವರು ನಿರ್ಧರಿಸಲಿ. ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುವುದರಿಂದ ಮೇಲೆ ಚುಕ್ಕೆಯಷ್ಟೇ ಕಂಡರೂ ಒಳಗೆ ಕೀವಾಗುತ್ತದೆ. ಮನೆಯ ಬೆಕ್ಕಿಗೂ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಮರುಲಸಿಕೆ ಹಾಕಿಸಬೇಕು.

ನಾನು ಹುಟ್ಟಿ ಬೆಳೆದ ವಠಾರದಲ್ಲಿ ಆರು ಮನೆಗೆ ಸೇರಿ ಎರಡು ಬೆಕ್ಕುಗಳಿದ್ದವು. ಅವು ಎಲ್ಲಿ ಮೂತ್ರ ಮಾಡುತ್ತವೆ, ಎಷ್ಟು ನೀರು ಕುಡಿಯುತ್ತವೆ ಎಂದು ಯಾರೂ ನೋಡಿದವರಲ್ಲ. ಹೆಂಚಿನ ಮೇಲೆ ಓಡಾಡಿಕೊಂಡಿದ್ದು ಒಂದು ದಿನ ಕಾಣೆಯಾದರೆ, ಎಲ್ಲೋ ಹೋಯಿತು ಎನ್ನುತ್ತಿದ್ದರು. ಎಷ್ಟು ಬೆಕ್ಕುಗಳು ಹೀಗೆ ಮೂತ್ರ ಕಟ್ಟಿ ಯಾವ ಅಟ್ಟದ ಮೂಲೆಯಲ್ಲಿ ಸತ್ತವೋ ಎಂದು ಈಗ ಯೋಚಿಸುತ್ತೇನೆ. ಈಗಿನ ಬೆಕ್ಕು ನಮ್ಮ ಕಣ್ಣೆದುರಿಗೇ ಇರುತ್ತದೆ. ಮರಳಿನ ಟ್ರೇಯನ್ನು ದಿನವೂ ನಾವೇ ಚೊಕ್ಕಟ ಮಾಡುತ್ತೇವೆ. ಮೂತ್ರಕ್ಕೆ ಮರಳು ಎಷ್ಟು ಗಡ್ಡೆ ಕಟ್ಟಿದೆ, ನಿನ್ನೆಗಿಂತ ಕಡಿಮೆಯೇ, ಕೆಂಪು ಕಾಣುತ್ತಿದೆಯೇ ಎಂಬುದು ಪ್ರತಿ ಬೆಳಗ್ಗೆ ನಮಗೆ ಪುಕ್ಕಟೆಯಾಗಿ ಸಿಗುವ ಪರೀಕ್ಷೆಯ ವರದಿ.

ನನ್ನ ಜೊತೆಯ ಔಷಧಿ ವ್ಯಾಪಾರಿಗಳಲ್ಲಿ ಒಂದು ವಿನಂತಿ. ನನ್ನ ಅಂಗಡಿಯಲ್ಲಿ ದುಡ್ಡಿನ ಪೆಟ್ಟಿಗೆಯ ಮೇಲೆ ಒಂದು ಹಲಗೆ ತೂಗುಹಾಕಿದ್ದೇನೆ: 'ಬೆಕ್ಕಿಗೆ ಮನುಷ್ಯರ ಮಾತ್ರೆ ಕೊಡಲಾಗುವುದಿಲ್ಲ. ದಯವಿಟ್ಟು ಪಶುವೈದ್ಯರನ್ನು ಕಾಣಿರಿ.' ಪಕ್ಕದಲ್ಲಿ ಹತ್ತಿರದ ಪಶುವೈದ್ಯರ ಫೋನ್ ನಂಬರುಗಳಿವೆ. ಹಲಗೆ ಬರೆಸಲು ಆದ ಖರ್ಚು ಅಲ್ಪ. ನಗರದ ಎಲ್ಲ ಔಷಧಿ ಅಂಗಡಿಗಳಲ್ಲಿ ಇಂಥದ್ದೊಂದು ಇರಲಿ. ಸರ್ಕಾರದವರಲ್ಲಿ ಒಂದು ಕೋರಿಕೆ. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜು ಇದೆ, ಅದು ನಮ್ಮ ಹೆಮ್ಮೆ. ಆದರೆ ದಕ್ಷಿಣ ಬೆಂಗಳೂರಿನಿಂದ ಅದು ನಗರದ ಇನ್ನೊಂದು ತುದಿ. ಮೂತ್ರ ಕಟ್ಟಿದ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಸಂಚಾರ ದಟ್ಟಣೆಯಲ್ಲಿ ಕೂರುವುದು ಏನೆಂದು ಕೂತವರಿಗೇ ಗೊತ್ತು. ನಗರದ ನಾಲ್ಕು ದಿಕ್ಕಿಗೆ ಒಂದೊಂದರಂತೆ, ರಾತ್ರಿಯೂ ಬಾಗಿಲು ತೆರೆದಿರುವ, ಬೆಕ್ಕನ್ನೂ ನೋಡುವ ಸರ್ಕಾರಿ ಪಶು ಚಿಕಿತ್ಸಾಲಯ ಬೇಕು.

ಕೊನೆಯದಾಗಿ, ಕಳೆದ ವಾರ ಪತ್ರ ಬರೆದವರಿಗೆ. ಸ್ವಾಮಿ, ಮನೆಯೊಳಗೇ ಬೆಳೆದ ಬೆಕ್ಕನ್ನು ಹೊಸ ಜಾಗದಲ್ಲಿ ಬಿಟ್ಟರೆ ಅದು ದೂರ ಹೋಗುವುದಿಲ್ಲ. ಬಿಟ್ಟ ಜಾಗದ ಆಸುಪಾಸಿನ ಪೊದೆಯಲ್ಲೋ ಮೋರಿಯ ಕೊಳವೆಯಲ್ಲೋ ಅಡಗಿ, ಕರೆದರೂ ದನಿ ಕೊಡದೆ ಕೂತಿರುತ್ತದೆ. ಹುಡುಕಬೇಕಾದದ್ದು ಕತ್ತಲಾದ ಮೇಲೆ, ಟಾರ್ಚ್ ನೆಲಮಟ್ಟಕ್ಕೆ ಹಿಡಿದು. ಬೆಳಕು ಬಿದ್ದರೆ ಕಣ್ಣು ಹೊಳೆಯುತ್ತದೆ. ನೀವು ಹೊದೆಯುತ್ತಿದ್ದ ಒಂದು ಹೊದಿಕೆಯನ್ನು ತೊಳೆಯದೆ ತನ್ನಿ, ವಾಸನೆ ಹಿಡಿದು ಬರುತ್ತದೆ. ಸಂಪಾದಕರ ಬಳಿ ನನ್ನ ವಿಳಾಸ, ಫೋನ್ ನಂಬರ್ ಇದೆ, ನೀವು ಕೇಳಿದರೆ ಕೊಡಲು ಅವರಿಗೆ ನನ್ನ ಒಪ್ಪಿಗೆಯೂ ಇದೆ. ಅಂಗಡಿ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ, ಭಾನುವಾರ ಮಧ್ಯಾಹ್ನಕ್ಕೇ. ಯಾವ ಕೆರೆ ಎಂದು ಹೇಳಿದರೆ ನಾನೂ ಬರುತ್ತೇನೆ. ಕೆಂಚನ ಬುಟ್ಟಿ ಇದೆ, ಟಾರ್ಚಿಗೆ ಹೊಸ ಸೆಲ್ ಹಾಕಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಔಷಧಿ ವ್ಯಾಪಾರಿ
ಹನುಮಂತನಗರ, ಬೆಂಗಳೂರು